ಡ್ಯಾನ್ಯೂಬಿನ ಸರಪಳಿ ಸೇತುವೆ

ಡ್ಯಾನ್ಯೂಬ್ ನದಿಯ ಅನೇಕ ವಿಹಾರಯಾನಗಳು ಕೊನೆಗೊಳ್ಳುವ ಬುಡಾಪೆಸ್ಟ್, ಬಲದಂಡೆಯ ಬುಡಾ ಹಾಗೂ ಒಬುಡಾ, ಎಡದಂಡೆಯ ಪೆಸ್ಟ್ ಎಂಬ ಮೂರು ಪಟ್ಟಣಗಳು 1873ರಲ್ಲಿ ಕೂಡಿ ಆದ ನಗರ. ಆದರೆ ಅದಕ್ಕೂ ಮೊದಲೇ ದಂಡೆಗಳನ್ನು ಬೆಸೆದದ್ದು, ಹಂಗೇರಿಯ ಸುಧಾರಕ ಇಸ್ತ್ವಾನ್ ಸೇಚೆನಿಯ ಒತ್ತಾಸೆಯಿಂದ ನಿರ್ಮಾಣಗೊಂಡು 1849ರಲ್ಲಿ ತೆರೆದ ಸರಪಳಿ ಸೇತುವೆ, ಅಂದರೆ ಕಲ್ಲಿನ ಗೋಪುರಗಳಿಂದ ಇಳಿಬಿಟ್ಟ ಕಬ್ಬಿಣದ ಸರಪಳಿಗಳೇ ಹಾದಿಯ ಭಾರ ಹೊರುವ ತೂಗುಸೇತುವೆ. ಹಿಂದೆ ದೋಣಿಗಳನ್ನು ಸಾಲಾಗಿ ಜೋಡಿಸಿ ಹಲಗೆ ಹಾಸಿದ ತೇಲುಸೇತುವೆಯಿದ್ದು, ಚಳಿಗಾಲದ ಮಂಜುಗಡ್ಡೆಗೆ ಅದನ್ನು ಬಿಚ್ಚಬೇಕಾಗುತ್ತಿತ್ತು. ತೆರಿಗೆಯಿಂದ ಮುಕ್ತರಾಗಿದ್ದ ಹಂಗೇರಿಯ ಕುಲೀನರೂ ಹೊಸ ಸೇತುವೆಯ ಸುಂಕವನ್ನು ಸಾಮಾನ್ಯರಂತೆಯೇ ತೆರಬೇಕೆಂದು ಶಾಸನವಾದದ್ದು, ಅದರ ಕಟ್ಟೋಣಕ್ಕಿಂತಲೂ ಹಿರಿದಾದ ಸಾಧನೆಯೆನ್ನಬೇಕು. 1945ರ ಜನವರಿಯಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಸೇತುವೆಯನ್ನು ಸ್ಫೋಟಿಸಿತಾದರೂ, ಉಳಿದ ಗೋಪುರಗಳನ್ನೇ ಆಧರಿಸಿ ಅದನ್ನು ಪುನಃ ಕಟ್ಟಿ, ಮೊದಲ ಉದ್ಘಾಟನೆಯ ಶತಮಾನೋತ್ಸವದಂದು, 1949ರ ನವೆಂಬರಿನಲ್ಲಿ, ಜನರ ಓಡಾಟಕ್ಕೆ ಬಿಡಲಾಯಿತು.