ಧಾರವಾಡದ ಮೊಹರಿನ ಮೊಕದ್ದಮೆ

ಬಡ ಆರೋಪಿಗೆ ಸರಕಾರವೇ ವಕೀಲನನ್ನು ಒದಗಿಸಬೇಕೆಂಬ ನ್ಯಾಯ ನಮ್ಮ ದೇಶದಲ್ಲಿ ಬೇರೂರಿದ ಕಥೆಯಲ್ಲಿ ಮುಂಬಯಿಗೂ ಧಾರವಾಡಕ್ಕೂ ಒಂದೊಂದು ಪಾಲಿದೆ. ಧಾರವಾಡದ ಪಾಲು ಅಷ್ಟೇನೂ ಹೆಮ್ಮೆಯದಲ್ಲ; ಆದರೂ ನಾವು ಹೇಳಲೇಬೇಕು.

ಮುಂಬಯಿಯಲ್ಲಿ 1924ರಷ್ಟು ಹಿಂದೆಯೇ ಬಾಂಬೆ ಲೀಗಲ್ ಏಡ್ ಸೊಸೈಟಿ ಹುಟ್ಟಿತ್ತು. ಅದು ಉಪಕಾರದ ಕೆಲಸ, ಹಕ್ಕಿನ ಮಾತಲ್ಲ. ಸಂವಿಧಾನದ 22ನೆಯ ವಿಧಿಯೂ ತನಗೆ ಬೇಕಾದ ವಕೀಲನನ್ನು ಇಟ್ಟುಕೊಳ್ಳಲು ಅವಕಾಶ ಕೊಟ್ಟಿತೇ ಹೊರತು ಫೀಸು ಯಾರು ಕೊಡಬೇಕೆಂದು ಹೇಳಲಿಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆ ಸರಕಾರಿ ವೆಚ್ಚದ ವಕೀಲನನ್ನು ತಂದದ್ದು ಸೆಷನ್ಸ್ ವಿಚಾರಣೆಗೆ ಮಾತ್ರ. ಊರಿನಿಂದ ಬಂದು ಹೋಟೆಲು ಸೇರಿದ ನಮ್ಮ ಹುಡುಗ ಯಾವುದೋ ಗಲಾಟೆಯಲ್ಲಿ ಸಿಕ್ಕಿಬಿದ್ದರೆ ನಿಲ್ಲುವುದು ಮ್ಯಾಜಿಸ್ಟ್ರೇಟರ ಮುಂದೆ, ಅದೂ ಭಾಷೆ ಬಾರದೆ!

ಇನ್ನು ಧಾರವಾಡದ ಸಂಗತಿ. ಸೌರಾಷ್ಟ್ರ ವಿಶ್ವವಿದ್ಯಾಲಯದ ರೀಡರ್ ಒಬ್ಬರು ಖೊಟ್ಟಿ ಅಧಿಕಾರಪತ್ರ ತೋರಿಸಿ, ಕರ್ನಾಟಕ ವಿಶ್ವವಿದ್ಯಾಲಯದ ಹೆಸರಿನ ಮೊಹರು ಮಾಡಿಕೊಡುವಂತೆ ಮುಂಬಯಿಯ ಬ್ಲಾಕ್ ತಯಾರಕನಿಗೆ ಹೇಳಿದ್ದರು. ಕೆಳಗಿನ ಕೋರ್ಟು ಅಂದಿನ ಕಲಾಪ ಮುಗಿಯುವವರೆಗಿನ ಸಜೆ ಹಾಗೂ ದಂಡ ಹಾಕಿ ಬಿಟ್ಟಿತು. 1973ರ ನವೆಂಬರಿನಲ್ಲಿ ಹೈಕೋರ್ಟು ಅದನ್ನು ಮೂರು ವರ್ಷಕ್ಕೆ ಏರಿಸಿತು. ಆ ತೀರ್ಪಿನ ನಕಲು ಕೈಸೇರಿದ್ದು 1978ರಲ್ಲಿ ಎಂದು ಅವರ ದೂರು. ಮೂರು ವರ್ಷದ ಸಜೆಗೆ ನಾಲ್ಕು ವರ್ಷ ದಾಟಿ ಬಂದ ಕಾಗದ!

ಸುಪ್ರೀಮ್ ಕೋರ್ಟು 1978ರ ಆಗಸ್ಟಿನಲ್ಲಿ ಅವರ ಅರ್ಜಿಯನ್ನು ವಜಾ ಮಾಡಿತು. ಆದರೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅಷ್ಟಕ್ಕೆ ಬಿಡಲಿಲ್ಲ. ಕೈದಿಗೆ ತೀರ್ಪಿನ ನಕಲನ್ನು ಬೇಗನೆ, ಪುಕ್ಕಟೆಯಾಗಿ ಕೊಡಬೇಕು. ಬಡವನಾದರೆ ಮೇಲ್ಮನವಿಗೆ ವಕೀಲನನ್ನೂ ಒದಗಿಸಬೇಕು. ಇದು ಸರಕಾರದ ದಾನವಲ್ಲ, ಕರ್ತವ್ಯ ಎಂದರು. ಸೋತವರ ಮೊಕದ್ದಮೆಯೇ ಹೊಸ್ಕೋಟ್ ಪ್ರಕರಣವೆಂದು ಕಾನೂನು ಪುಸ್ತಕಗಳಲ್ಲಿ ಉಳಿಯಿತು.

ಮುಂದಿನದು ಬೇಗ ಬೇಗ ನಡೆಯಿತು. 1979ರಲ್ಲಿ ಬಿಹಾರದ ವಿಚಾರಣಾ ಕೈದಿಗಳ ಪ್ರಕರಣ. 1980ರಲ್ಲಿ ಭಾಗಲ್ಪುರದ ಕುರುಡರ ಪ್ರಕರಣ: ಮ್ಯಾಜಿಸ್ಟ್ರೇಟರ ಮುಂದೆ ಮೊದಲ ಸಲ ತಂದು ನಿಲ್ಲಿಸಿದ ಹೊತ್ತಿನಿಂದಲೇ ಈ ಹಕ್ಕು ಉಂಟು, ಅದನ್ನು ಆರೋಪಿಗೆ ತಿಳಿಸುವುದೂ ಅವರದೇ ಹೊಣೆ. ಹಾಗೆ ತಿಳಿಸಲಿಲ್ಲವೆಂದು ಅರುಣಾಚಲದ ಸುಕ್ ದಾಸ್ ಪ್ರಕರಣದಲ್ಲಿ 1986ರಲ್ಲಿ ಶಿಕ್ಷೆಯೇ ರದ್ದಾಯಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ಜಾರಿಗೆ ಬರಲು ಮಾತ್ರ 1995ರ ನವೆಂಬರ್ 9 ಆಗಬೇಕಾಯಿತು.

ಆ ಕಾಯಿದೆಯಂತೆ ಬಂಧನದಲ್ಲಿರುವವರಿಗೆ, ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ವರಮಾನದ ಲೆಕ್ಕವನ್ನೇ ಕೇಳುವಂತಿಲ್ಲ. ಊರಿನಿಂದ ಹೊಸದಾಗಿ ಬಂದವರಿಗೆ ನಮ್ಮವರು ಬಾಡಿಗೆ ಕೋಣೆ, ರೈಲು ಪಾಸು ಎಲ್ಲವನ್ನೂ ಹೇಳಿಕೊಡುತ್ತಾರೆ. ಇದನ್ನೂ ಒಂದು ಮಾತು ಹೇಳಲಿ: ದೂರವಾಣಿ 15100.