ತಿಂಗಳು ತಪ್ಪಿದ ಮೇಲೆ: ಹೈದರಾಬಾದಿನಲ್ಲಿ ಬಸಿರಿನ ಮೊದಲ ವಾರಗಳು

ನಿಜಾಮರ ಕಾಲದ ಹೈದರಾಬಾದಿನಲ್ಲಿ ಬಸಿರಿನ ಮೊದಲ ವಾರಗಳು ಮನೆಯ ಹೆಂಗಸರಿಗಷ್ಟೇ ಸೇರಿದ ವಿಷಯವಾಗಿದ್ದವು. ಸೊಸೆ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಮುಟ್ಟಾದವರು ಹೊರಗೆ ಕೂರುವ ಪದ್ಧತಿಯಿದ್ದ ಹಿಂದೂ ಮನೆಗಳಲ್ಲಿ ಅವಳು ಆ ತಿಂಗಳು ಹೊರಗಾಗಲಿಲ್ಲ ಎಂಬುದೇ ಸುದ್ದಿ. ಮುಸ್ಲಿಂ ಮನೆಗಳಲ್ಲಿ ತಿಂಗಳಿಗೆ ಕೆಲವು ದಿನ ನಮಾಜು ಬಿಡುತ್ತಿದ್ದವಳು ಬಿಡದೆ ಹೋದರೆ ಹಿರಿಯ ಹೆಂಗಸರು ಗಮನಿಸುತ್ತಿದ್ದರು. ಮುಂದಿನ ಗುರುತುಗಳು ಅಡುಗೆಮನೆಯಲ್ಲಿ ಕಾಣುತ್ತಿದ್ದವು: ಒಗ್ಗರಣೆಯ ವಾಸನೆಗೆ ವಾಕರಿಕೆ, ಹುಣಸೆಹಣ್ಣು ಮಾವಿನಕಾಯಿಗಳ ಬಯಕೆ, ಕೆಲವರಿಗೆ ಮಣ್ಣು ತಿನ್ನುವ ಆಸೆ, ಹಗಲಲ್ಲೂ ಬಿಡದ ನಿದ್ದೆ.

ನಗರದಲ್ಲಿ ಮೂರು ಭಾಷೆಗಳ ಅನುಭವ ಒಂದೆಡೆ ಕೂಡಿತ್ತು. ತೆಲುಗರಿಗೆ ಮಂತ್ರಸಾನಿ, ಉರ್ದು ಮಾತಿನ ಮನೆಗಳಿಗೆ ದಾಯಿ, 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ಕಲಬುರಗಿ, ಬೀದರ, ರಾಯಚೂರು ಕಡೆಯವರಿಗೆ ಸೂಲಗಿತ್ತಿ. ಹೆಸರು ಬೇರೆಯಾದರೂ ಇವರು ಹೇಳುತ್ತಿದ್ದ ಪಥ್ಯ ಹೆಚ್ಚುಕಡಿಮೆ ಒಂದೇ: ಪಪ್ಪಾಯಿ ಬೇಡ, ಎಳ್ಳು ಬೇಡ, ಭಾರ ಎತ್ತಬೇಡ, ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬೇಡ. ಉತ್ತರ ಕರ್ನಾಟಕದವರಲ್ಲಿ ಊರಿಗೆಲ್ಲ ಕಾಣುವ ಕುಬಸಕ್ಕೆ (ಸೀಮಂತಕ್ಕೆ) ಮುಂಚೆ ಮನೆಯವರಷ್ಟೇ ಸೇರಿ ಮಾಡುವ ಕಳ್ಳ ಕುಬಸ ಈ ಗುಟ್ಟಿನ ಪದ್ಧತಿಗೇ ಸೇರಿದ್ದು. ದೃಷ್ಟಿಯ ಭಯ ಅದಕ್ಕೆ ಕೊಟ್ಟ ಕಾರಣ. ಅದರ ಹಿಂದೆ ನಿಜವಾದ ಅನುಭವವೂ ಇತ್ತು: ಗರ್ಭಪಾತಗಳಲ್ಲಿ ಬಹುಪಾಲು ಮೊದಲ ಹನ್ನೆರಡು ವಾರಗಳಲ್ಲೇ ಆಗುತ್ತವೆ. ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಭ್ರೂಣದ ವರ್ಣತಂತುಗಳ ದೋಷ. ಪಪ್ಪಾಯಿ ತಿಂದಳು, ಮೆಟ್ಟಿಲು ಹತ್ತಿದಳು ಎಂದು ತಲೆಮಾರುಗಳ ಕಾಲ ಹೆಂಗಸರ ಮೇಲೆ ಹೊರಿಸಿದ ತಪ್ಪು ಅನ್ಯಾಯದ್ದು.

ಸರ್ಕಾರಿ ವೈದ್ಯ ಈ ಹೊಸ್ತಿಲು ದಾಟಿದ್ದು ತಡವಾಗಿ. ಹೈದರಾಬಾದ್ ಮೆಡಿಕಲ್ ಸ್ಕೂಲ್ 1846ರಲ್ಲಿ ಆರಂಭವಾದರೂ ಪರದೆಯೊಳಗಿನ ಹೆಂಗಸರಿಗೆ ಗಂಡು ವೈದ್ಯರು ಎಟುಕುತ್ತಿರಲಿಲ್ಲ. 1885ರಲ್ಲಿ ಶಾಲೆಯ ಮುಖ್ಯಸ್ಥ ಎಡ್ವರ್ಡ್ ಲಾರಿ ಅವರ ಕಾಲದಲ್ಲಿ ಅಲ್ಲಿ ಹೆಣ್ಣುಮಕ್ಕಳಿಗೂ ಪ್ರವೇಶ ಸಿಕ್ಕಿತು. ಅವರಲ್ಲೊಬ್ಬರಾದ ರೂಪಾಬಾಯಿ ಫರ್ದುಂಜಿ 1889ರಲ್ಲಿ ಹಕೀಮ್ ಪದವಿ ಪಡೆದು ಕ್ಲೋರೋಫಾರ್ಮ್ ಕೊಡುವುದರಲ್ಲಿ ಪರಿಣತರಾದರು. ಜಗತ್ತಿನ ಮೊದಲ ಅರಿವಳಿಕೆ ವೈದ್ಯೆ ಎಂದು ಇಂದು ಅವರನ್ನು ನೆನೆಯುತ್ತಾರೆ. 1906ರಲ್ಲಿ ವೇಲ್ಸ್ ರಾಜಕುಮಾರ ದಂಪತಿಯ ಭೇಟಿಯ ಕಾಲಕ್ಕೆ ವಿಕ್ಟೋರಿಯಾ ಜನಾನಾ ಆಸ್ಪತ್ರೆಗೆ ಅಡಿಗಲ್ಲು ಬಿತ್ತು. ನಿಜಾಮರ ಸೊಸೆ ರಾಜಕುಮಾರಿ ನೀಲೋಫರ್ ಅವರ ಸೇವಕಿಯೊಬ್ಬಳು ಹೆರಿಗೆಯಲ್ಲಿ ತೀರಿಕೊಂಡ ನೋವಿನಿಂದ ಹುಟ್ಟಿದ ನೀಲೋಫರ್ ಆಸ್ಪತ್ರೆ 1953ರಲ್ಲಿ ರೆಡ್ ಹಿಲ್ಸ್‌ನಲ್ಲಿ ತೆರೆಯಿತು. ಇವೆಲ್ಲವುಗಳ ಮುಖ್ಯ ಚಿಂತೆ ಹೆರಿಗೆ. ತಾಯಿ ಸಾಯುತ್ತಿದ್ದುದು ಅಲ್ಲೇ ಆದ್ದರಿಂದ ಅದು ಸಹಜ. ಆರಂಭದ ವಾರಗಳು ಮಾತ್ರ ಮೊದಲಿನಂತೆ ಮನೆಯಲ್ಲೇ ಉಳಿದವು.

ಬಸಿರನ್ನು ಬೇಗ ಪತ್ತೆಮಾಡುವ ವಿದ್ಯೆ ಹೊರಗಿನಿಂದ ಬಂತು. 1920ರ ದಶಕದ ಕೊನೆಗೆ ಬರ್ಲಿನ್ನಿನಲ್ಲಿ ಆಶ್‌ಹೈಮ್ ಮತ್ತು ಜೊಂಡೆಕ್ ಹೆಂಗಸಿನ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ, ಕೆಲ ದಿನಗಳ ಬಳಿಕ ಅವುಗಳ ಅಂಡಾಶಯ ಕೊಯ್ದು ನೋಡಿ ಉತ್ತರ ಹೇಳುತ್ತಿದ್ದರು. ಅನಂತರ ಆಫ್ರಿಕಾದ ಕಪ್ಪೆಗಳು ಬಂದವು. ಪ್ರಾಣಿಗಳಿಲ್ಲದ ಪರೀಕ್ಷೆ ಬಂದದ್ದು 1960ರಲ್ಲಿ. ಈಗ ಆಶಾ ಕಾರ್ಯಕರ್ತೆಯರ ಚೀಲದಲ್ಲಿರುವ ‘ನಿಶ್ಚಯ್’ ಕಿಟ್ ಹುಡುಕುವುದೂ ಆ ಪರೀಕ್ಷೆಗಳು ಹುಡುಕುತ್ತಿದ್ದ, ಬಸುರಿಯರ ಮೂತ್ರದಲ್ಲಿ ಸೇರುವ ಅದೇ ಎಚ್‌ಸಿಜಿ ಹಾರ್ಮೋನನ್ನು. ಬೆಳಗಿನ ಮೂತ್ರದ ಎರಡು ಮೂರು ಹನಿ ಬಿಟ್ಟರೆ ಐದು ನಿಮಿಷದೊಳಗೆ ಒಂದು ಗೆರೆಯೋ ಎರಡು ಗೆರೆಯೋ ಮೂಡುತ್ತದೆ. ಎರಡಾದರೆ ಬಸಿರು.

ಆ ಹೊತ್ತಿಗೆ ಒಳಗೆ ಬಹಳಷ್ಟು ನಡೆದಿರುತ್ತದೆ. ವೈದ್ಯರು ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಹಾಗಾಗಿ ಮುಟ್ಟು ತಪ್ಪಿದ ದಿನಕ್ಕೆ ಲೆಕ್ಕದಲ್ಲಿ ನಾಲ್ಕು ವಾರ ತುಂಬಿರುತ್ತದೆ. ಆರನೇ ವಾರದ ಕೊನೆಗೆ ಮಗುವಿನ ಮಿದುಳು ಮತ್ತು ಬೆನ್ನುಹುರಿಯಾಗುವ ನರನಾಳ ಮುಚ್ಚಿಕೊಳ್ಳುತ್ತದೆ, ಸ್ಕ್ಯಾನಿನಲ್ಲಿ ಹೃದಯದ ಮಿಡಿತ ಕಾಣುತ್ತದೆ. ವಾಕರಿಕೆ ಸಾಮಾನ್ಯವಾಗಿ ಆಗಲೇ ಶುರುವಾಗಿ, ಒಂಬತ್ತನೇ ವಾರದ ಸುಮಾರಿಗೆ ಜೋರಾಗಿ, ನಾಲ್ಕನೇ ತಿಂಗಳ ಹೊತ್ತಿಗೆ ಹೆಚ್ಚಿನವರಲ್ಲಿ ಇಳಿಯುತ್ತದೆ. ನರನಾಳ ಸರಿಯಾಗಿ ಮುಚ್ಚಲು ಫೋಲಿಕ್ ಆಮ್ಲ ಬೇಕು, ಅದೂ ಬಸಿರು ಗೊತ್ತಾಗುವ ಮುಂಚೆಯೇ. ಹಳೆಯ ಪದ್ಧತಿಗೆ ತಿಳಿಯಲು ಸಾಧ್ಯವೇ ಇರದಿದ್ದ ಸಂಗತಿ ಇದು.

ಫೋಲಿಕ್ ಆಮ್ಲದ ಈ ತಿಳಿವಿನ ಒಂದು ಎಳೆ ಭಾರತದಲ್ಲೇ ಆರಂಭವಾಯಿತು. 1928ರಿಂದ ಬ್ರಿಟಿಷ್ ವೈದ್ಯೆ ಲೂಸಿ ವಿಲ್ಸ್ ಬೊಂಬಾಯಿಯ ಬಡ ಬಸುರಿಯರ ರಕ್ತಹೀನತೆಯನ್ನು ಅಧ್ಯಯನ ಮಾಡಿ, ಯೀಸ್ಟ್ ಸಾರದಿಂದ ಅದು ಗುಣವಾಗುವುದನ್ನು ತೋರಿಸಿದರು. ಆ ಸಾರದಲ್ಲಿದ್ದದ್ದು ಫೋಲೇಟ್, ಅಂದರೆ ಫೋಲಿಕ್ ಆಮ್ಲದ ಸಹಜ ರೂಪ, ಎಂದು ಆಮೇಲೆ ತಿಳಿಯಿತು. ಕುನೂರಿನಲ್ಲಿದ್ದ ಪೋಷಣಾ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿನ ತಾರ್ನಾಕಕ್ಕೆ ಬಂದು, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಹೆಸರು ಪಡೆಯಿತು. ಸಿ. ಗೋಪಾಲನ್ ಅವರ ನೇತೃತ್ವದಲ್ಲಿ ಬಸುರಿ ಬಾಣಂತಿಯರ ಆಹಾರ ಅಲ್ಲಿನ ಮುಖ್ಯ ಕೆಲಸಗಳಲ್ಲೊಂದಾಯಿತು. 1970ರ ರಾಷ್ಟ್ರೀಯ ರಕ್ತಹೀನತೆ ತಡೆ ಕಾರ್ಯಕ್ರಮದಲ್ಲಿ ಬಸುರಿಯರಿಗೆ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆ ಬಂತು. ಫೋಲಿಕ್ ಆಮ್ಲ ನರನಾಳದ ದೋಷವನ್ನೇ ತಡೆಯುತ್ತದೆಂದು 1991ರಲ್ಲಿ ಬ್ರಿಟನ್ ನೇತೃತ್ವದ ದೊಡ್ಡ ಪ್ರಯೋಗವೊಂದು ಖಚಿತಪಡಿಸಿತು.

ಹೀಗೆ ಆಸ್ಪತ್ರೆ ಹೆರಿಗೆಯಿಂದ ಹಿಂದಕ್ಕೆ ಸರಿಯುತ್ತ ಬಂದು ಮೊದಲ ತಿಂಗಳನ್ನು ಮುಟ್ಟಿದೆ. 2017ರ ಜೂನ್‌ನಲ್ಲಿ ತೆಲಂಗಾಣ ಆರಂಭಿಸಿದ ಕೆಸಿಆರ್ ಕಿಟ್ ಯೋಜನೆ, ಗಂಡು ಮಗುವಾದರೆ 12,000, ಹೆಣ್ಣಾದರೆ 13,000 ರೂಪಾಯಿಯನ್ನು ಕಂತುಗಳಲ್ಲಿ ಕೊಟ್ಟು, ಬಸಿರಿನ ನೋಂದಣಿ ಮತ್ತು ತಪಾಸಣೆಯನ್ನೂ ಅದಕ್ಕೆ ಜೋಡಿಸಿತು. ಮೂರು ತಿಂಗಳು ಯಾರಿಗೂ ಹೇಳಬಾರದೆಂಬ ರೂಢಿ ನಗರದ ಮನೆಗಳಲ್ಲಿ ಇನ್ನೂ ಇದೆ. ನೆಂಟರ ಮಟ್ಟಿಗೆ ಅದರಿಂದ ತೊಂದರೆಯಿಲ್ಲ. ವೈದ್ಯರಿಗೆ ಮಾತ್ರ ಬೇಗ ತಿಳಿಸಲೇಬೇಕು: ಮಗು ಬೇಕೆಂದುಕೊಂಡಾಗಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಶುರುವಾಗಬೇಕು, ಹನ್ನೆರಡು ವಾರದೊಳಗೆ ಹೆಸರು ನೋಂದಾಯಿಸಬೇಕು, ರಕ್ತ ಕಂಡರೆ ಅಥವಾ ಕಿಬ್ಬೊಟ್ಟೆಯ ಒಂದೇ ಕಡೆ ತೀವ್ರ ನೋವು ಬಂದರೆ ಅಂದೇ ಆಸ್ಪತ್ರೆಗೆ ಹೋಗಬೇಕು.