ಕೋಳಿಯ ನೀರು, ತುರುವಿನ ಕೆರೆ

ಕಳೆದ ಮಾಘಮಾಸದ ಒಂದು ಬೆಳಗ್ಗೆ ಅಮೆರಿಕದ ಮಿನ್ನೆಸೋಟದಲ್ಲಿರುವ ನನ್ನ ಮೊಮ್ಮಗಳು ದೂರವಾಣಿಯಲ್ಲಿ ಒಂದು ಪ್ರಶ್ನೆ ಕೇಳಿದಳು. ಅವಳಿಗೆ ಹನ್ನೊಂದು ವರ್ಷ. ಮನೆಯ ಹಿತ್ತಲಲ್ಲಿ ನಾಲ್ಕು ಕೋಳಿಗಳನ್ನು ಸಾಕಿದ್ದಾಳೆ. “ತಾತ, ಕೋಳಿಗಳಿಗಿಟ್ಟ ನೀರು ಒಂದು ಗಂಟೆಯಲ್ಲಿ ಕಲ್ಲಾಗಿಬಿಡುತ್ತೆ. ನೀವು ಚಿಕ್ಕವರಾಗಿದ್ದಾಗ ಏನು ಮಾಡ್ತಿದ್ರಿ?” ಎಂದಳು. ನಾನು ನಕ್ಕುಬಿಟ್ಟೆ. ತಿಪಟೂರು ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ನೀರು ಕಲ್ಲಾಗುವುದೆಂದರೇನು? ನಮ್ಮಲ್ಲಿ ಪುಷ್ಯಮಾಸದ ನಟ್ಟಿರುಳಿನಲ್ಲಿಯೂ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವುದಿಲ್ಲ. ನಕ್ಕಮೇಲೆ ಮಾತ್ರ ನಾಚಿಕೆಯಾಯಿತು. ಮಗು ಕೇಳಿದ್ದು ಮಂಜುಗಡ್ಡೆಯ ವಿಚಾರವಲ್ಲ. ಮೂಕಪ್ರಾಣಿಗೆ ನೀರು ಸಿಗದ ಕಾಲದಲ್ಲಿ ಅದನ್ನು ಸಾಕಿದವರು ಏನು ಮಾಡಬೇಕೆಂಬುದು ಅವಳ ಪ್ರಶ್ನೆ. ಆ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. ಅದಕ್ಕೆ ಇಲ್ಲಿ ಒಂದು ಚರಿತ್ರೆಯೇ ಉಂಟು.

ಮೊದಲು ಅವಳ ಊರಿನ ವಿಚಾರವನ್ನೇ ನೋಡೋಣ. ಅಲ್ಲಿ ಚಳಿಗಾಲದ ಇರುಳು ಉಷ್ಣತೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಕ್ಕೆ ಇಳಿಯುವುದುಂಟು. ಸುತ್ತ ಹಿಮ ಬಿದ್ದಿದ್ದರೂ ಕೋಳಿಗೆ ಅದರಿಂದ ನೀರಡಿಕೆ ತೀರದು. ಒಂದು ಕೋಳಿ ದಿನಕ್ಕೆ ಕಾಲು ಲೀಟರಿನಷ್ಟು ನೀರು ಕುಡಿಯುತ್ತದೆ. ಮೊಟ್ಟೆಯ ಒಳಗಿನ ಸಾರದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ. ಆದುದರಿಂದ ನೀರು ತಪ್ಪಿದ ಕೋಳಿ ಮೊದಲು ಮೇವು ಬಿಡುತ್ತದೆ, ಆಮೇಲೆ ಮೊಟ್ಟೆ ನಿಲ್ಲಿಸುತ್ತದೆ. ಅಲ್ಲಿಯವರು ನೀರಿನ ಪಾತ್ರೆಯ ಅಡಿಗೆ ವಿದ್ಯುತ್ತಿನಿಂದ ಬೆಚ್ಚಗಾಗುವ ತಟ್ಟೆಯಿಡುತ್ತಾರೆ. ಅದಿಲ್ಲದವರು ದಿನಕ್ಕೆ ಮೂರು ನಾಲ್ಕು ಬಾರಿ ಉಗುರುಬೆಚ್ಚನೆಯ ನೀರನ್ನು ಬದಲಾಯಿಸುತ್ತಾರೆ. ಬಿಸಿಲು ಬೀಳುವೆಡೆ ಕಪ್ಪು ರಬ್ಬರಿನ ಅಗಲ ಪಾತ್ರೆಯನ್ನಿಡುತ್ತಾರೆ. ಗೂಡಿನೊಳಗೆ ನೀರು ಚೆಲ್ಲಿ ತೇವವಾದರೆ ಕೋಳಿಯ ಜುಟ್ಟು ಚಳಿಗೆ ಕೊರೆದು ಹುಣ್ಣಾಗುವುದರಿಂದ ಅದಕ್ಕೂ ಎಚ್ಚರ ಬೇಕು. ನನ್ನ ಮೊಮ್ಮಗಳು ಶಾಲೆಗೆ ಹೋಗುವ ಮುನ್ನ ಒಮ್ಮೆ, ಬಂದಮೇಲೆ ಒಮ್ಮೆ, ಮಲಗುವ ಮುನ್ನ ಒಮ್ಮೆ ಚೊಂಬು ಹಿಡಿದು ಹಿಮದಲ್ಲಿ ನಡೆಯುತ್ತಾಳಂತೆ.

ನಮ್ಮಲ್ಲಿ ಶತ್ರು ಚಳಿಯಲ್ಲ, ಬಿಸಿಲು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳದು ವರ್ಷಕ್ಕೆ ಆರುನೂರು ಮಿಲಿಮೀಟರ್ ಆಸುಪಾಸಿನ ಮಳೆಯನ್ನು ನಂಬಿದ ಬದುಕು. ತೆಂಗಿನ ಹಸುರನ್ನು ಕಂಡು ರೈಲಿನಲ್ಲಿ ಹೋಗುವವರು ಇದು ನೀರಿನ ನಾಡೆಂದು ಭ್ರಮಿಸುತ್ತಾರೆ. ಆ ಹಸುರು ಕೆರೆ ಬಾವಿಗಳನ್ನು ಆಶ್ರಯಿಸಿ ಬೆಳೆದದ್ದೇ ಹೊರತು ಮಳೆ ಧಾರಾಳವಾಗಿ ಕೊಟ್ಟದ್ದಲ್ಲ. ಕೋಳಿಗೆ ಬೆವರಿಲ್ಲ; ಬಾಯಿ ತೆರೆದು ಏದುಸಿರು ಬಿಟ್ಟೇ ಅದು ಮೈಯ ಕಾವನ್ನು ಕಳೆಯಬೇಕು. ಚೈತ್ರ ವೈಶಾಖಗಳ ಮಧ್ಯಾಹ್ನ ಅದಕ್ಕೆ ಬೇಕಾಗುವ ನೀರು ಇಮ್ಮಡಿಯಾಗುತ್ತದೆ. ನನ್ನ ತಾಯಿ ತೆಂಗಿನ ಕರಟಗಳಲ್ಲಿ ನೀರಿಟ್ಟು ಮರದ ನೆರಳಿನಲ್ಲಿ ಸಾಲಾಗಿ ಜೋಡಿಸುತ್ತಿದ್ದಳು. ತಾಯಿಕೋಳಿಗೆ ಮಾತ್ರ ಮಣ್ಣಿನ ಬೋಗುಣಿ. ಮಣ್ಣಿನ ಪಾತ್ರೆಯ ಮೈಯಿಂದ ನೀರು ಜಿನುಗಿ ಆವಿಯಾಗುವಾಗ ಒಳಗಿನ ಕಾವನ್ನು ಒಯ್ಯುತ್ತದೆ. ಅಲ್ಲಿ ನೀರನ್ನು ಕಾಯಿಸುವ ಚಿಂತೆ, ಇಲ್ಲಿ ತಣಿಸುವ ಚಿಂತೆ. ಕೋಳಿಗೆ ನೀರನ್ನು ಹೀರಲು ಬಾರದು. ಕೊಕ್ಕಿನಲ್ಲಿ ತುಂಬಿಕೊಂಡು ತಲೆಯೆತ್ತಿ ಗಂಟಲಿಗೆ ಇಳಿಸಿಕೊಳ್ಳುತ್ತದೆ. ಅದನ್ನು ಕಂಡು ತಾಯಿ, “ನೋಡು, ಗುಟುಕು ಗುಟುಕಿಗೂ ಮೇಲಿನವನನ್ನು ನೆನೆಯುತ್ತೆ. ನಾವು ನೆನೀತೀವಾ?” ಎನ್ನುತ್ತಿದ್ದಳು.

ಇದು ಮನೆಯ ಮಾತಾಯಿತು. ಊರು ಏನು ಮಾಡುತ್ತಿತ್ತು? ಉತ್ತರ ನಮ್ಮ ಊರುಗಳ ಹೆಸರಿನಲ್ಲಿಯೇ ಇದೆ. ಹಳಗನ್ನಡದಲ್ಲಿ ‘ತುರು’ವೆಂದರೆ ಹಸು. ಶತ್ರುಗಳು ದನಗಳನ್ನು ಅಟ್ಟಿಕೊಂಡು ಹೋಗುವುದೇ ‘ತುರುಗೋಳ್’. ಅದನ್ನು ತಡೆಯಲು ಹೋಗಿ ಮಡಿದವರ ವೀರಗಲ್ಲುಗಳು ಕನ್ನಡನಾಡಿನ ಉದ್ದಗಲಕ್ಕೂ ನಿಂತಿವೆ. ತುರುವೇಕೆರೆ ಎಂಬ ಹೆಸರನ್ನು ಬಿಡಿಸಿದರೆ ದೊರೆಯುವುದು ತುರುಗಳ ಕೆರೆ. ಹೊಯ್ಸಳರ ಕಾಲದ ಗುಡಿಗಳಿರುವ ಆ ಊರಿನ ಗಂಗಾಧರೇಶ್ವರನ ಮುಂದೆ ಕಪ್ಪು ಕಲ್ಲಿನ ಮಹಾನಂದಿ ಇಂದಿಗೂ ಹೊಳಪು ಮಾಸದೆ ಕುಳಿತಿದೆ. ಕೆರೆಯ ಹೆಸರು ಹೊತ್ತ ಊರಿನಲ್ಲಿ ಎತ್ತಿಗೇ ಪೂಜೆ. ಇದಕ್ಕಿಂತ ಒಪ್ಪುವ ಜೋಡಿ ಬೇರೆಲ್ಲಿ?

ಅರಸರೂ ಇದನ್ನು ಅರಿತಿದ್ದರು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ಯೆಂದು ನಡೆದ ದನಗಳ ಇಲಾಖೆಗೆ ಟಿಪ್ಪು ಸುಲ್ತಾನನು ‘ಅಮೃತ ಮಹಲ್’ ಎಂದು ಹೆಸರಿಟ್ಟನು. ಆ ದನಗಳಿಗೆ ಮೀಸಲಾದ ಹುಲ್ಲುಗಾವಲುಗಳೇ ಕಾವಲುಗಳು. ನಮ್ಮ ಸೀಮೆಯಲ್ಲಿಯೂ ಅವು ಹಲವಿದ್ದವು. ತಿಪಟೂರಿನ ಹತ್ತಿರದ ಕೊನೇಹಳ್ಳಿಯಲ್ಲಿ ಆ ತಳಿಯನ್ನು ಸಾಕಿಕೊಂಡು ಬಂದಿದ್ದಾರೆ. ಕಾವಲುಗಳನ್ನು ಮಳೆಗಾಲದವು, ಚಳಿಗಾಲದವು, ಬೇಸಗೆಯವು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದರು. ಬೇಸಗೆಯ ಕಾವಲೆಂದರೆ ಬಹುಮಟ್ಟಿಗೆ ಕೆರೆಯಂಗಳ. ನೀರು ಹಿಂದೆ ಸರಿದಂತೆ ಹಸಿ ಹುಲ್ಲು ಮೂಡುವ, ನೆರಳಿನ ಮರಗಳಿರುವ ಜಾಗ. ನೀರನ್ನು ದನದ ಬಳಿಗೆ ಒಯ್ಯಲಾಗದಿದ್ದರೆ ದನವನ್ನು ನೀರಿನ ಬಳಿಗೆ ಒಯ್ಯಬೇಕೆಂಬುದು ಆ ವ್ಯವಸ್ಥೆಯ ಸಾರ. 1860ರಲ್ಲಿ ಮದರಾಸಿನ ಗವರ್ನರ್ ಟ್ರೆವೆಲ್ಯಾನ್ ಖರ್ಚು ಉಳಿಸಲೆಂದು ಈ ಇಲಾಖೆಯನ್ನೇ ಮುಚ್ಚಿಸಿ ದನಗಳನ್ನು ಮಾರಿಸಿದರು. ತಪ್ಪಿನ ಅರಿವಾಗಿ 1866ರಲ್ಲಿ ಮತ್ತೆ ಆರಂಭಿಸಬೇಕಾಯಿತು. ಉಳಿತಾಯವೆಂದು ತೋರಿದ್ದು ನಷ್ಟವಾಗಿತ್ತು.

ಅರಸರ ದನಕ್ಕೆ ಕಾವಲಾದರೆ ಊರ ದನಕ್ಕೆ ಗೋಕಟ್ಟೆ. ಹೊಲಗಳ ನಡುವೆ ತಗ್ಗು ನೋಡಿ ಮಣ್ಣಿನ ಏರಿ ಹಾಕಿದ ಪುಟ್ಟ ಕಟ್ಟೆಗಳವು. ಮನುಷ್ಯರಿಗೆ ಅರವಟ್ಟಿಗೆ, ದನಕ್ಕೆ ಗೋಕಟ್ಟೆ, ಬಾವಿಯ ಪಕ್ಕದಲ್ಲಿ ಕಲ್ಲುಬಾನಿ. ಇವನ್ನು ಕಟ್ಟಿಸಿದವರು ಪುಣ್ಯಕ್ಕೆಂದು ಕಟ್ಟಿಸಿದರು. ಆ ಪುಣ್ಯಕ್ಕೂ ಮಿತಿಯಿತ್ತು. 1876ರಿಂದ 78ರವರೆಗಿನ ಧಾತು ಈಶ್ವರ ಬರದಲ್ಲಿ ಕೆರೆ ಕಟ್ಟೆಗಳೇ ಬಿರಿದುಹೋದವು. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕಿಂತ ಕಡಮೆಯಾಗಿತ್ತು. ಮನುಷ್ಯರ ಲೆಕ್ಕವೇ ಹೀಗಿರುವಾಗ ದನಕರುಗಳ ಪಾಡನ್ನು ಊಹಿಸಿಕೊಳ್ಳಬೇಕು.

ಇನ್ನು ನನ್ನ ಮನೆಯ ಕಥೆ. ನಮ್ಮ ತೋಟದ ಬಾವಿಗೆ ನನ್ನ ಬಾಲ್ಯದಲ್ಲಿ ಕಪಿಲೆ ಹೂಡುತ್ತಿದ್ದರು. ಎತ್ತುಗಳು ಇಳಿಜಾರಿನಲ್ಲಿ ಮುಂದೆ ನಡೆದಂತೆ ನೀರು ಮೇಲೇರಿ ತೊಟ್ಟಿಗೆ ಬೀಳುವುದು. ತೊಟ್ಟಿಯಿಂದ ಕಾಲುವೆಗೆ, ಕಾಲುವೆಯಿಂದ ಕಲ್ಲುಬಾನಿಗೆ. ಬಾನಿಯಲ್ಲಿ ಎತ್ತು ಕುಡಿದು ಉಳಿದದ್ದು ಕೋಳಿಗೆ, ಚೆಲ್ಲಿದ್ದು ಗೊರವಂಕಕ್ಕೆ, ಇಂಗಿದ್ದು ತೆಂಗಿಗೆ. ಆಮೇಲೆ ಪಂಪ್‌ಸೆಟ್ಟು ಬಂತು, ಬಾನಿ ಉಳಿಯಿತು. ಈ ಶತಮಾನದ ಮೊದಲ ವರ್ಷಗಳ ಬರದಲ್ಲಿ ಬಾವಿ ಬತ್ತಿತು. ಕೊಳವೆ ಬಾವಿ ಕೊರೆಸಿ, ಹಾಳು ಬಾವಿಗೆ ಮಕ್ಕಳು ಬಿದ್ದಾರೆಂದು ಹೇಳಿ ಅದನ್ನು ಮಣ್ಣು ತುಂಬಿಸಿ ಮುಚ್ಚಿಸಿದವನು ನಾನೇ. ಕಲ್ಲುಬಾನಿಯನ್ನು ಬೋರಲು ಹಾಕಿಸಿ ಪಂಪಿನ ಕೋಣೆಗೆ ಮೆಟ್ಟಿಲು ಮಾಡಿಸಿದವನೂ ನಾನೇ. ಕೆರೆ ಬಾವಿಗಳ ಶಾಸನಗಳನ್ನು ಮೂವತ್ತು ವರ್ಷ ತರಗತಿಯಲ್ಲಿ ಪಾಠಮಾಡಿದ ನನಗೆ ಅದರಲ್ಲಿ ಏನೂ ಅಸಂಗತವೆನಿಸಲಿಲ್ಲ.

ಮೊಮ್ಮಗಳ ಪ್ರಶ್ನೆಯಾದ ಮೇಲೆ ಒಂದು ಮಧ್ಯಾಹ್ನ ತೋಟಕ್ಕೆ ಹೋಗಿ ಸುಮ್ಮನೆ ಕುಳಿತು ನೋಡಿದೆ. ನೂರಾರು ಅಡಿ ಆಳದಿಂದೆದ್ದ ನೀರು ಕಬ್ಬಿಣದ ಬಾಯಿಂದ ಪ್ಲಾಸ್ಟಿಕ್ ಕೊಳವೆಗೆ ಹೋಗಿ, ಹನಿಹನಿಯಾಗಿ ಮರದ ಬುಡಕ್ಕೆ ಇಳಿಯುತ್ತಿತ್ತು. ಹನಿ ನೀರಾವರಿಯನ್ನು ನಾನು ಹಳಿಯುತ್ತಿಲ್ಲ. ಅದಿಲ್ಲದಿದ್ದರೆ ತೋಟ ಉಳಿಯುತ್ತಿರಲಿಲ್ಲ. 2016-17ರ ಬರದಲ್ಲಿ ನಮ್ಮ ಸೀಮೆಯ ಎಷ್ಟೋ ತೆಂಗಿನ ಮರಗಳು ಸುಳಿ ಒಣಗಿ ನಿಂತುದನ್ನು ಕಂಡಿದ್ದೇನೆ. ಹೇಮಾವತಿಯ ನಾಲೆ ಬಂದಿದೆ. ಅದರ ನೀರು ಹರಿದ ಕೆರೆಗಳು ಕಳೆಯೇರಿರುವುದನ್ನೂ ಕಂಡಿದ್ದೇನೆ. ಆದರೆ ಆ ಮಧ್ಯಾಹ್ನ ನಮ್ಮ ತೋಟದಲ್ಲಿ ಒಂದು ಕೊಕ್ಕಿಗೆ ಎಟುಕುವ ಒಂದು ಗುಟುಕು ನೀರು ಕಣ್ಣಿಗೆ ಕಾಣುವಂತೆ ಎಲ್ಲಿಯೂ ಇರಲಿಲ್ಲ. ನೆರೆಮನೆಯ ಹೇಂಟೆಯೊಂದು ಕೊಳವೆಯ ಕೀಲಿನಲ್ಲಿ ಜಿನುಗುತ್ತಿದ್ದ ತೇವವನ್ನು ಕುಕ್ಕುತ್ತಿತ್ತು, ಕುಕ್ಕಿದಾಗಲೆಲ್ಲ ತಲೆಯೆತ್ತುತ್ತಿತ್ತು. ಹಿಮದ ನಾಡಿನಲ್ಲಿ ನೀರು ಕಣ್ಣೆದುರೇ ಇದ್ದು ಕಲ್ಲಾಗಿರುತ್ತದೆ. ನಾವು ಅದನ್ನು ನೀರಾಗಿಯೇ ಇಟ್ಟು ಮುಚ್ಚಳ ಹಾಕಿದ್ದೇವೆ. ಕೋಳಿಯ ಪಾಲಿಗೆ ಎರಡೂ ಒಂದೇ.

ಮರುದಿನ ನಾಲ್ವರು ಆಳುಗಳನ್ನು ಕರೆಸಿ ಹಾರೆ ಹಾಕಿ ಬಾನಿಯನ್ನು ಮೇಲುಮುಖ ಮಾಡಿಸಿದೆ. ಅಡಿಯಲ್ಲಿ ಸಣ್ಣ ಬಿರುಕಿತ್ತು, ಗಾರೆ ಮೆತ್ತಿದೆವು. ಹಗಲೆಲ್ಲ ನೆರಳಿರುವಂತೆ ಎರಡು ಮರಗಳ ನಡುವೆ ಇರಿಸಿದ್ದೇನೆ. ದಿನ ಬಿಟ್ಟು ದಿನ ನಾನೇ ತಿಕ್ಕಿ ತೊಳೆದು ತುಂಬುತ್ತೇನೆ. ನಿಂತ ನೀರಿನಲ್ಲಿ ಸೊಳ್ಳೆ ಮರಿಯಾಗಬಾರದಲ್ಲ. ಮೊದಲ ನಾಲ್ಕು ದಿನ ಯಾರೂ ಬರಲಿಲ್ಲ. ಐದನೆಯ ದಿನ ಆ ಹೇಂಟೆ ಮರಿಗಳೊಡನೆ ಬಂತು. ಬಾನಿಯ ಅಂಚು ಮರಿಗಳಿಗೆ ಎತ್ತರವಾಯಿತು. ತಾಯಿಯ ನೆನಪಾಗಿ, ಕೆಳಗೆ ಎರಡು ಕರಟಗಳಲ್ಲಿ ನೀರಿಟ್ಟೆ.

ಸಂಜೆ ಮೊಮ್ಮಗಳಿಗೆ ಅವಳ ಪ್ರಶ್ನೆಯ ಉತ್ತರ ಹೇಳಿದೆ: “ನಾವೂ ದಿನಕ್ಕೆ ಮೂರು ಸಲ ನೀರು ಹಿಡಿದು ನಡೀತಿದ್ವಿ ಮಗು. ನಡುವೆ ಕೆಲವು ವರ್ಷ ಮರೆತುಬಿಟ್ಟಿದ್ವಿ.”